ವೇಲ್ಸ್‌ನ ಲೇಬರ್ ಕೋಟೆ ಯಾಕೆ ಬಿರುಕು ಬಿಟ್ಟಿತು?

ಪ್ರಶ್ನೆ: ನನ್ನ ಮಗಳು ಕಾರ್ಡಿಫ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದಾಳೆ. ಮೇ ತಿಂಗಳಲ್ಲಿ ಅಲ್ಲಿ ಚುನಾವಣೆಯಂತೆ. ನೂರು ವರ್ಷದಿಂದ ಗೆಲ್ಲುತ್ತಾ ಬಂದ ಲೇಬರ್ ಪಕ್ಷ ಈ ಸಲ ಮೂರನೇ ಸ್ಥಾನಕ್ಕೆ ಇಳಿಯಬಹುದು ಅಂತ ಎಲ್ಲರೂ ಮಾತಾಡುತ್ತಿದ್ದಾರಂತೆ. ಅದೇ ಪಕ್ಷ 2024ರಲ್ಲಿ ಲಂಡನ್‌ನಲ್ಲಿ ಭರ್ಜರಿಯಾಗಿ ಗೆದ್ದಿತಲ್ಲ, ಇಲ್ಲಿ ಯಾಕೆ ಹೀಗೆ? ಅಲ್ಲಿನ ಸಭೆ ನಮ್ಮ ವಿಧಾನಸಭೆಯ ಥರಾನೇನಾ? ನನ್ನ ಮಗಳಿಗೂ ವೋಟು ಇದೆಯಾ? (ಓದುಗರು, ಶಿವಮೊಗ್ಗ)

ಉತ್ತರ: ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಲಂಡನ್‌ನಲ್ಲಿ, ಅಂದರೆ ಇಡೀ ಬ್ರಿಟನ್ನಿನ ಸಂಸತ್ತಿನ ಚುನಾವಣೆಯಲ್ಲಿ, ಗೆದ್ದಿದ್ದೇ ವೇಲ್ಸ್‌ನ ಲೇಬರ್ ಪಕ್ಷಕ್ಕೆ ಮುಳುವಾಯಿತು. ಇದು ವಿಚಿತ್ರ ಅನ್ನಿಸಬಹುದು. ಸ್ವಲ್ಪ ಹಿಂದಿನಿಂದ ಹೇಳುತ್ತೇನೆ. ಈ ಉತ್ತರ ಬರೆಯುವಾಗ 2026ರ ಮೇ 7ರ ಮತದಾನ ಇನ್ನೂ ಮುಂದಿದೆ, ಅದು ನೆನಪಿರಲಿ.

ಮೊದಲು ನಿಮ್ಮ ಎರಡನೇ ಪ್ರಶ್ನೆ. ಅದು ಗೊತ್ತಾಗದೆ ಉಳಿದದ್ದು ತಿಳಿಯೋದಿಲ್ಲ.

ವೇಲ್ಸ್ ಬ್ರಿಟನ್ನಿನೊಳಗಿನ ಒಂದು ನಾಡು, ಕಾರ್ಡಿಫ್ ಅದರ ರಾಜಧಾನಿ. ಜನಸಂಖ್ಯೆ ಸುಮಾರು 31 ಲಕ್ಷ. 1979ರಲ್ಲಿ "ನಿಮಗೆ ನಿಮ್ಮದೇ ಒಂದು ಸಭೆ ಬೇಕಾ?" ಅಂತ ಜನಮತಗಣನೆ ನಡೆದಾಗ ಐದರಲ್ಲಿ ನಾಲ್ಕು ಜನ ಬೇಡ ಅಂದರು. 1997ರಲ್ಲಿ ಮತ್ತೆ ಕೇಳಿದಾಗ ಬೇಕು ಅಂದವರು 50.3%. ಅಂತರ ಕೇವಲ 6,721 ಮತ. ರಾತ್ರಿಯಿಡೀ ಬೇಡ ಅನ್ನುವವರೇ ಮುಂದಿದ್ದರು. ಕೊನೆಗೆ ಕಾರ್ಮಾರ್ಥನ್‌ಶೈರ್ ಜಿಲ್ಲೆಯ ಎಣಿಕೆ ಬಂದು ಎಲ್ಲ ತಲೆಕೆಳಗಾಯಿತು. 1999ರಲ್ಲಿ ಕಾರ್ಡಿಫ್‌ನಲ್ಲಿ 60 ಸದಸ್ಯರ ಸಭೆ ಶುರುವಾಯಿತು. ಕಾನೂನು ಮಾಡುವ ಪೂರ್ತಿ ಅಧಿಕಾರ ಬಂದಿದ್ದು 2011ರ ಇನ್ನೊಂದು ಜನಮತಗಣನೆಯ ನಂತರ. 2020ರಿಂದ ಅದರ ಹೆಸರು ಸೆನೆದ್.

ಆಸ್ಪತ್ರೆ, ಶಾಲೆ, ಕೃಷಿ, ವಸತಿ, ರಸ್ತೆ, ಪರಿಸರ, ಸ್ಥಳೀಯ ಸಂಸ್ಥೆ, ವೆಲ್ಷ್ ಭಾಷೆ, ಇವೆಲ್ಲ ಸೆನೆದ್ ಕೈಯಲ್ಲಿವೆ. ಪೊಲೀಸ್, ಕೋರ್ಟು, ಜೈಲು, ಪಿಂಚಣಿ, ಭತ್ಯೆ, ವಲಸೆ, ರಕ್ಷಣೆ ಮತ್ತು ಬಹುಪಾಲು ತೆರಿಗೆ ಲಂಡನ್ ಕೈಯಲ್ಲಿ. ನಮ್ಮಲ್ಲಿ ಪೊಲೀಸ್ ಇಲಾಖೆ ರಾಜ್ಯದ್ದು ಅಲ್ವಾ? ಅಲ್ಲಿ ಅದಿಲ್ಲ. ಸ್ಕಾಟ್ಲೆಂಡ್‌ಗೆ ಇದೆ, ವೇಲ್ಸ್‌ಗೆ ಇಲ್ಲ. ಇದರಿಂದ ಆಗುವ ಫಜೀತಿ ನೋಡಿ. ಕಾರ್ಡಿಫ್‌ನಲ್ಲಿ ಡ್ರಗ್ಸ್ ಚಟಕ್ಕೆ ಬಿದ್ದ ಹುಡುಗನೊಬ್ಬ ಕಳ್ಳತನ ಮಾಡಿ ಸಿಕ್ಕಿಬಿದ್ದ ಅಂದುಕೊಳ್ಳಿ. ಅವನನ್ನು ಹಿಡಿದ ಪೊಲೀಸ್, ವಿಚಾರಣೆ ಮಾಡಿದ ಕೋರ್ಟು, ಇಟ್ಟ ಜೈಲು, ಇವು ಮೂರೂ ಲಂಡನ್ ಲೆಕ್ಕ. ಜೈಲೊಳಗೆ ಅವನಿಗೆ ಚಿಕಿತ್ಸೆ, ಪಾಠ ಕೊಡೋದು ಕಾರ್ಡಿಫ್ ಲೆಕ್ಕ. ಹೊರಗೆ ಬಂದ ಮೇಲೆ ಮನೆ ಕೊಡಿಸೋದೂ ಕಾರ್ಡಿಫ್. ಅವನ ಕೈಗೆ ಬರುವ ಭತ್ಯೆ ಮಾತ್ರ ಮತ್ತೆ ಲಂಡನ್. ಅವನು ಮತ್ತೆ ದಾರಿ ತಪ್ಪಿದರೆ ಹೊಣೆ ಯಾರದು? ಇಬ್ಬರೂ ಪರಸ್ಪರ ಬೊಟ್ಟು ಮಾಡಬಹುದು. ಮಾಡಿದ್ದೂ ಹಾಗೇ.

ದುಡ್ಡಿನ ವಿಷಯವೂ ಹೆಚ್ಚುಕಮ್ಮಿ ಅಷ್ಟೇ. ಸೆನೆದ್ ಖರ್ಚಿನ ಬಹುಪಾಲು ಲಂಡನ್‌ನಿಂದ ಇಡಿಗಂಟಾಗಿ ಬರುತ್ತದೆ. ಇಂಗ್ಲೆಂಡಿನಲ್ಲಿ ಆಸ್ಪತ್ರೆಗೆ, ಶಾಲೆಗೆ ಜಾಸ್ತಿ ಖರ್ಚಾದರೆ ಆ ಪ್ರಮಾಣದಲ್ಲಿ ವೇಲ್ಸ್‌ಗೂ ಪಾಲು ಸಿಗುತ್ತದೆ. ಇದಕ್ಕೆ ಬಾರ್ನೆಟ್ ಸೂತ್ರ ಅಂತ ಹೆಸರು. ಜಗಳ ಹುಟ್ಟಿದ್ದು ಎಚ್‌ಎಸ್2 ರೈಲು ಮಾರ್ಗದಲ್ಲಿ. ಲಂಡನ್ನಿಂದ ಬರ್ಮಿಂಗ್‌ಹ್ಯಾಮಿಗೆ ಹೋಗುವ ಹಳಿ ಅದು. ವೇಲ್ಸ್ ನೆಲದ ಮೇಲೆ ಒಂದು ಗೇಣೂ ಬರೋದಿಲ್ಲ. ಆದರೂ ಲೆಕ್ಕದಲ್ಲಿ ಅದನ್ನು "ಇಂಗ್ಲೆಂಡ್ ಮತ್ತು ವೇಲ್ಸ್ ಯೋಜನೆ" ಅಂತ ಸೇರಿಸಿದರು. ಹಾಗಾಗಿ ಸ್ಕಾಟ್ಲೆಂಡ್‌ಗೆ, ಉತ್ತರ ಐರ್ಲೆಂಡ್‌ಗೆ ಪಾಲು ಹೋಯಿತು, ವೇಲ್ಸ್‌ಗೆ ಸೊನ್ನೆ. ಈ ಎಚ್‌ಎಸ್2 ಹೆಸರು ನೆನಪಿಟ್ಟುಕೊಳ್ಳಿ.

ಈಗ ಲೇಬರ್ ಕಥೆ. 1922ರಿಂದ ಇಲ್ಲಿಯವರೆಗೆ ನಡೆದ ಪ್ರತಿಯೊಂದು ಬ್ರಿಟಿಷ್ ಸಾರ್ವತ್ರಿಕ ಚುನಾವಣೆಯಲ್ಲೂ ವೇಲ್ಸ್‌ನಲ್ಲಿ ಮೊದಲ ಸ್ಥಾನ ಲೇಬರ್‌ದೇ. ಕಲ್ಲಿದ್ದಲು ಗಣಿ, ಉಕ್ಕಿನ ಕಾರ್ಖಾನೆ, ಕಾರ್ಮಿಕ ಸಂಘ, ಇವುಗಳ ಜೊತೆಗೇ ಬೆಳೆದ ಪಕ್ಷ ಅದು. ಸೆನೆದ್ ಬಂದ ಮೇಲೂ ಮುಖ್ಯಮಂತ್ರಿ ಸ್ಥಾನ ಬೇರೆ ಪಕ್ಷಕ್ಕೆ ಹೋಗಿಲ್ಲ. ಅಲ್ಲಿ ಆ ಹುದ್ದೆಗೆ ಫಸ್ಟ್ ಮಿನಿಸ್ಟರ್ ಅನ್ನುತ್ತಾರೆ. ಆದರೆ ಒಂದು ಸ್ವಾರಸ್ಯ ಇದೆ. 60 ಸ್ಥಾನಗಳ ಸಭೆಯಲ್ಲಿ ಲೇಬರ್ ಒಂದು ಸಲವೂ 30 ದಾಟಿಲ್ಲ. ಪೂರ್ಣ ಬಹುಮತ ಯಾರಿಗೂ ಬಂದಿಲ್ಲ. ಒಮ್ಮೆ ಲಿಬರಲ್ ಡೆಮಾಕ್ರಾಟರ ಜೊತೆ, 2007ರಿಂದ 2011ರವರೆಗೆ ಪ್ಲೈಡ್ ಕಮ್ರಿ ಜೊತೆ ಮೈತ್ರಿ, ಉಳಿದ ಕಾಲ ಹೇಗೋ ಹೊಂದಾಣಿಕೆ. ಪ್ಲೈಡ್ ಅಂದರೆ 1925ರಲ್ಲಿ ಹುಟ್ಟಿದ ವೆಲ್ಷ್ ರಾಷ್ಟ್ರೀಯವಾದಿ ಪಕ್ಷ. ಎಡಪಂಥದ ಕಡೆ ವಾಲಿದ್ದು.

ಇಷ್ಟು ವರ್ಷ ಲೇಬರ್ ಹೇಗೆ ನಿಭಾಯಿಸಿತು? ನನ್ನ ಪ್ರಕಾರ ಗುಟ್ಟು ಒಂದೇ. "ನಾವು ಲಂಡನ್ ಥರ ಅಲ್ಲ" ಅಂತ ತೋರಿಸೋದು. ಇದನ್ನು ಶುರುಮಾಡಿದವರು ಆಗಿನ ಫಸ್ಟ್ ಮಿನಿಸ್ಟರ್ ರೊಡ್ರಿ ಮಾರ್ಗನ್. 2002ರಲ್ಲಿ ಸ್ವಾನ್‌ಸೀಯಲ್ಲಿ ಮಾಡಿದ ಭಾಷಣದಲ್ಲಿ ಲಂಡನ್‌ನಲ್ಲಿದ್ದ ತಮ್ಮದೇ ಪಕ್ಷದ ಟೋನಿ ಬ್ಲೇರ್ ಸರ್ಕಾರಕ್ಕೂ ತಮಗೂ ನಡುವೆ ಸ್ಪಷ್ಟ ಕೆಂಪು ನೀರಿನ ಗಡಿ ಇದೆ ಎಂಬ ಅರ್ಥದ ಮಾತು ಬರೆದುಕೊಂಡಿದ್ದರು. ತಮಾಷೆ ಅಂದರೆ ವೇದಿಕೆಯ ಮೇಲೆ ಅವರು ಆ ಸಾಲು ಓದಲೇ ಇಲ್ಲ. ಆದರೂ ಅದೇ ಪ್ರಸಿದ್ಧವಾಯಿತು. ಮಾತಿಗೆ ತಕ್ಕ ಕೆಲಸವೂ ಆಯಿತು ಅನ್ನಿ. 2007ರಿಂದ ಔಷಧ ಚೀಟಿಗೆ ಶುಲ್ಕ ಇಲ್ಲ. ಇಂಗ್ಲೆಂಡಿನಲ್ಲಿ ಇವತ್ತಿಗೂ ಇದೆ. 2011ರಲ್ಲಿ ಅಂಗಡಿಯ ಚೀಲಕ್ಕೆ 5 ಪೆನ್ಸ್ ಶುಲ್ಕ, ಬ್ರಿಟನ್ನಿನಲ್ಲೇ ಮೊದಲು. 2015ರಲ್ಲಿ ಅಂಗದಾನದ ಹೊಸ ಕಾನೂನು: ಬೇಡ ಅಂತ ಹೇಳದಿದ್ದರೆ ಒಪ್ಪಿಗೆ ಇದೆ ಅಂತಲೇ ಲೆಕ್ಕ. ನಂತರ 16 ವರ್ಷಕ್ಕೆ ಮತದಾನದ ಹಕ್ಕು, ಪ್ರಾಥಮಿಕ ಶಾಲೆಯ ಎಲ್ಲ ಮಕ್ಕಳಿಗೂ ಉಚಿತ ಊಟ. ಕೊನೆಯದು ಪ್ಲೈಡ್ ಜೊತೆಗಿನ 2021ರ ಒಪ್ಪಂದದಲ್ಲಿ ಬಂದಿದ್ದು.

2010ರಿಂದ 2024ರವರೆಗೆ ಲಂಡನ್‌ನಲ್ಲಿ ಬಲಪಂಥದ ಕನ್ಸರ್ವೇಟಿವ್ ಪಕ್ಷದ ನೇತೃತ್ವದ ಸರ್ಕಾರ. ಕಾರ್ಡಿಫ್‌ನ ಲೇಬರ್‌ಗೆ ಇದಕ್ಕಿಂತ ಒಳ್ಳೆ ಕಾಲ ಇರಲಿಲ್ಲ. ಒಳ್ಳೇದಾದರೆ ನಮ್ಮಿಂದ, ಕೆಟ್ಟದ್ದಾದರೆ ಅವರು ದುಡ್ಡು ಕೊಡಲಿಲ್ಲ. ಈ ಮಾತು ಪೂರ್ತಿ ಸುಳ್ಳೂ ಆಗಿರಲಿಲ್ಲ, ಹಾಗಾಗಿ ಚಲಾವಣೆಯಾಯಿತು. ಇನ್ನೊಂದು ಕಾರಣ ಅಲ್ಲಿನ ಮಾಧ್ಯಮ. ಬಹಳಷ್ಟು ಜನ ನೋಡುವ, ಓದುವ ಸುದ್ದಿ ಲಂಡನ್ನಿಂದ ಬರುವಂಥದ್ದು. ಇಂಗ್ಲೆಂಡಿನ ಶಾಲೆಯ ಸುದ್ದಿ ಕೇಳಿ ಅದು ತಮ್ಮ ಶಾಲೆಗೂ ಅನ್ವಯ ಅಂದುಕೊಂಡವರು ಎಷ್ಟೋ ಜನ. ಸೆನೆದ್ ಏನು ಮಾಡುತ್ತದೆ ಅನ್ನೋದು ಅನೇಕರಿಗೆ ಗೊತ್ತೇ ಇರಲಿಲ್ಲ.

ಅದು ಗೊತ್ತಾಗಿದ್ದು 2023ರ ಸೆಪ್ಟೆಂಬರ್ 17ಕ್ಕೆ.

ಅವತ್ತಿನಿಂದ ಬೀದಿದೀಪ ಇರುವ ಊರೊಳಗಿನ ರಸ್ತೆಗಳಲ್ಲಿ ವಾಹನದ ವೇಗಮಿತಿ ಗಂಟೆಗೆ 30 ಮೈಲಿಯಿಂದ 20ಕ್ಕೆ ಇಳಿಯಿತು. ನಮ್ಮ ಲೆಕ್ಕದಲ್ಲಿ 48 ಕಿಲೋಮೀಟರಿನಿಂದ 32ಕ್ಕೆ. ಬೇಕಾದ ರಸ್ತೆಗೆ ಸ್ಥಳೀಯ ಕೌನ್ಸಿಲ್‌ಗಳು ವಿನಾಯಿತಿ ಕೊಡಬಹುದಿತ್ತು. ಆದರೆ ಮೂಲ ಮಿತಿಯೇ 20 ಆಯಿತು. ಮಕ್ಕಳು, ವಯಸ್ಸಾದವರು ಓಡಾಡುವ ರಸ್ತೆಯಲ್ಲಿ ಜೀವ ಉಳಿಯಲಿ ಅನ್ನೋದು ಉದ್ದೇಶ. ಜನ ಎಷ್ಟು ಸಿಟ್ಟಾದರು ಅಂದರೆ, ಇದನ್ನು ವಾಪಸ್ ತೆಗೆದುಕೊಳ್ಳಿ ಅನ್ನುವ ಅರ್ಜಿಗೆ 4,69,000ಕ್ಕೂ ಜಾಸ್ತಿ ಸಹಿ ಬಿತ್ತು. ಸೆನೆದ್ ಇತಿಹಾಸದಲ್ಲಿ ಅಂಥ ಅರ್ಜಿ ಬಂದೇ ಇರಲಿಲ್ಲ. ಸಭೆಯ ಚುನಾವಣೆಗೇ ಅರ್ಧದಷ್ಟು ಜನ ಮತ ಹಾಕದ ನಾಡು ಅದು. ಅಲ್ಲಿ ಇದು ಸಣ್ಣ ಸಂಖ್ಯೆಯಲ್ಲ.

ಯಾಕಿಷ್ಟು ಕೋಪ? ಉಚಿತ ಔಷಧ ಬೇಕಾಗೋದು ಕಾಯಿಲೆ ಬಿದ್ದಾಗ ಮಾತ್ರ. ವೇಗಮಿತಿ ಹಾಗಲ್ಲ. ಪ್ರತಿದಿನ ಬೆಳಗ್ಗೆ ಕೆಲಸಕ್ಕೆ ಹೊರಟ ಕೂಡಲೇ ಕಾಲ ಕೆಳಗಿನ ಆಕ್ಸಿಲರೇಟರ್‌ನಲ್ಲಿ ಅದು ತಿಳಿಯುತ್ತದೆ. ಕಾರ್ಡಿಫ್‌ನಲ್ಲಿ ಕೂತವರು ತಮ್ಮ ಬದುಕಿಗೆ ಕೈ ಹಾಕಬಲ್ಲರು ಅಂತ ಎಷ್ಟೋ ಜನಕ್ಕೆ ಮೊದಲ ಸಲ ಅನ್ನಿಸಿತು. ಇದಕ್ಕೆ ಲಂಡನ್ ಮೇಲೆ ಗೂಬೆ ಕೂರಿಸಲು ಆಗುತ್ತಿರಲಿಲ್ಲ. ಆಮೇಲಿನ ಅಧಿಕೃತ ಅಂಕಿಗಳಲ್ಲಿ ಆ ರಸ್ತೆಗಳ ಅಪಘಾತದಲ್ಲಿ ಸತ್ತವರು, ಗಾಯಗೊಂಡವರ ಸಂಖ್ಯೆ ಸುಮಾರು ಕಾಲು ಭಾಗ ಇಳಿದಿದ್ದು ಕಂಡಿತು. ನೀತಿಯಾಗಿ ಅದು ಸರಿ ಅಂತಲೇ ನನ್ನ ಅಭಿಪ್ರಾಯ. ಆದರೆ ರಾಜಕೀಯದಲ್ಲಿ ಆಗಬೇಕಾದ ಪೆಟ್ಟು ಆಗಿಹೋಗಿತ್ತು.

ಅದರ ಬೆನ್ನಿಗೇ ರೈತರು. ಬ್ರೆಕ್ಸಿಟ್ ನಂತರ, ಅಂದರೆ ಬ್ರಿಟನ್ ಯುರೋಪಿಯನ್ ಒಕ್ಕೂಟ ಬಿಟ್ಟ ಮೇಲೆ, ಯುರೋಪಿನ ಸಬ್ಸಿಡಿ ನಿಂತಿತಲ್ಲ, ಅದರ ಜಾಗಕ್ಕೆ ಕಾರ್ಡಿಫ್ ಸರ್ಕಾರ ಹೊಸ ಯೋಜನೆ ತಂದಿತು. ಸಹಾಯಧನ ಬೇಕಾದರೆ ಜಮೀನಿನ 10% ಭಾಗದಲ್ಲಿ ಮರ ಇರಬೇಕು ಅನ್ನೋದು ಅದರ ಒಂದು ಷರತ್ತು. ಕುರಿ ಮೇಯಿಸಿ ಬದುಕುವ ಗುಡ್ಡಗಾಡಿನ ರೈತನಿಗೆ ಇದು ಹೊಟ್ಟೆಯ ಮೇಲೆ ಹೊಡೆದ ಹಾಗೆ. ಯೋಜನೆ ಹೀಗೇ ಜಾರಿಯಾದರೆ ಸುಮಾರು 5,500 ಉದ್ಯೋಗ ಹೋಗುತ್ತವೆ ಅಂತ ಸರ್ಕಾರವೇ ಮಾಡಿಸಿದ್ದ ಅಂದಾಜು ಹೇಳುತ್ತಿತ್ತು. 2024ರ ಮಾರ್ಚ್‌ನಲ್ಲಿ ರೈತರು 5,500 ಜೊತೆ ರಬ್ಬರ್ ಬೂಟು ತಂದು ಸೆನೆದ್ ಮೆಟ್ಟಿಲ ಮೇಲೆ ಸಾಲಾಗಿ ಇಟ್ಟರು. ಕೆಸರು ಮೆತ್ತಿದ ದೊಡ್ಡವರ ಬೂಟು, ಮಧ್ಯೆ ಮಧ್ಯೆ ಮಕ್ಕಳ ಪುಟಾಣಿ ಬೂಟು. ಘೋಷಣೆಗಿಂತ ಆ ಫೋಟೊ ಜಾಸ್ತಿ ಕೆಲಸ ಮಾಡಿತು. ಕೊನೆಗೆ ಸರ್ಕಾರ ಆ 10% ಷರತ್ತನ್ನು ಕೈಬಿಟ್ಟಿತು.

ಇನ್ನು ಆಸ್ಪತ್ರೆ. ಸೆನೆದ್ ಬಜೆಟ್‌ನ ಅರ್ಧಕ್ಕಿಂತ ಜಾಸ್ತಿ ಆರೋಗ್ಯಕ್ಕೇ ಹೋಗುತ್ತದೆ. ಆದರೂ 2024ರ ಕೊನೆಯ ಹೊತ್ತಿಗೆ ಚಿಕಿತ್ಸೆಗೆ ಕಾಯುವ ಪಟ್ಟಿಯಲ್ಲಿ 8 ಲಕ್ಷ ಹೆಸರುಗಳಿದ್ದವು. ಒಬ್ಬರೇ ಎರಡು ಮೂರು ಕಡೆ ಕಾಯುತ್ತಿರಬಹುದು, ಹಾಗಾಗಿ ಜನರ ಸಂಖ್ಯೆ ಅದಕ್ಕಿಂತ ಕಡಿಮೆ. ಆದರೂ 31 ಲಕ್ಷ ಜನರ ನಾಡಿನಲ್ಲಿ ಕಾಯುವವರಿಲ್ಲದ ಮನೆ ಸಿಗೋದು ಕಷ್ಟ.

ಇಷ್ಟೆಲ್ಲ ಇದ್ದಾಗ 2024ರ ಜುಲೈ 4ಕ್ಕೆ ಲಂಡನ್‌ನಲ್ಲಿ ಲೇಬರ್ ಗೆದ್ದಿತು. ವೇಲ್ಸ್‌ನ 32 ಸ್ಥಾನಗಳಲ್ಲಿ 27 ಅದಕ್ಕೇ ಬಂದವು. ಕನ್ಸರ್ವೇಟಿವ್‌ಗೆ ಒಂದೂ ಇಲ್ಲ. ಹೊರಗಿನಿಂದ ನೋಡಿದರೆ ಕೋಟೆ ಭದ್ರ. ಒಳಗೆ ನೋಡಿದರೆ ಮತ ಪ್ರಮಾಣ 37% ಮಾತ್ರ, ಅದೂ ಹಿಂದಿನದಕ್ಕಿಂತ ಕಡಿಮೆ. ನೈಜೆಲ್ ಫರಾಜ್ ಅವರ ಬಲಪಂಥೀಯ ರಿಫಾರ್ಮ್ ಯುಕೆ ಪಕ್ಷ ಒಂದೂ ಸ್ಥಾನ ಗೆಲ್ಲದೆ ಸುಮಾರು 17% ಮತ ತೆಗೆದುಕೊಂಡಿತ್ತು. ಹನ್ನೆರಡು ದಿನ ಕಳೆಯಿತು. ಕಾರ್ಡಿಫ್‌ನಲ್ಲಿ ಫಸ್ಟ್ ಮಿನಿಸ್ಟರ್ ವಾನ್ ಗೆಥಿಂಗ್ ರಾಜೀನಾಮೆ ಘೋಷಿಸಿದರು. ಪಕ್ಷದ ನಾಯಕತ್ವದ ಸ್ಪರ್ಧೆಗೆ ಅವರು 2 ಲಕ್ಷ ಪೌಂಡ್ ದೇಣಿಗೆ ಪಡೆದಿದ್ದರು. ಕೊಟ್ಟ ಕಂಪನಿಯ ಮಾಲೀಕನಿಗೆ ಪರಿಸರ ಅಪರಾಧದಲ್ಲಿ ಶಿಕ್ಷೆಯಾಗಿತ್ತು. ನಾಲ್ಕೇ ತಿಂಗಳ ಅಧಿಕಾರ. ಅವರ ನಂತರ ಬಂದವರು ಎಲಿನೆಡ್ ಮಾರ್ಗನ್.

ಈಗ ಬೊಟ್ಟು ಮಾಡೋದು ಯಾರ ಕಡೆಗೆ? ಎರಡೂ ಕಡೆ ತಮ್ಮದೇ ಪಕ್ಷ. ಎಚ್‌ಎಸ್2 ಪಾಲು ಕೊಡಿ ಅಂತ ವರ್ಷಗಟ್ಟಲೆ ಕೂಗಿದ್ದ ಲೇಬರ್ ನಾಯಕರ ದನಿ ತಗ್ಗಿತು. 2025ರ ಜೂನ್‌ನಲ್ಲಿ ಲಂಡನ್ ಸರ್ಕಾರ ವೇಲ್ಸ್ ರೈಲಿಗೆ ಹತ್ತು ವರ್ಷಕ್ಕೆ 44.5 ಕೋಟಿ ಪೌಂಡ್ ಘೋಷಿಸಿತು. ಇದು ನಮ್ಮ ಬಾಕಿಯ ಒಂದು ಚೂರು ಅಷ್ಟೇ ಅಂತ ಪ್ಲೈಡ್ ಹಂಗಿಸಿತು. ಅಷ್ಟರಲ್ಲಿ ವಯಸ್ಸಾದವರ ಚಳಿಗಾಲದ ಇಂಧನ ಭತ್ಯೆಗೆ ಕತ್ತರಿ ಬಿದ್ದಿತ್ತು. ಅಂಗವಿಕಲರ ಭತ್ಯೆ ಕಡಿತದ ಮಾತೂ ಎದ್ದಿತ್ತು. ಹಳೆಯ ಗಣಿ ಊರುಗಳಲ್ಲಿ ಇಂಥ ಭತ್ಯೆಯ ಮೇಲೆ ಬದುಕುವ ಮನೆ ಬಹಳ. ಎಲಿನೆಡ್ ಮಾರ್ಗನ್ 2025ರ ಮೇನಲ್ಲಿ ಲಂಡನ್ ಲೇಬರ್‌ನಿಂದ ದೂರ ಸರಿದು ಮಾತಾಡಿದರು. ರೊಡ್ರಿ ಮಾರ್ಗನ್ ಹೇಳಿದಾಗ ಜನ ನಂಬಿದ್ದರು. ಈ ಸಲ ನಂಬಲಿಲ್ಲ.

ವೇಲ್ಸ್‌ನ ಪೋರ್ಟ್ ಟಾಲ್ಬಟ್ ಊರಿನ ಬಗ್ಗೆ ಹೇಳಲೇಬೇಕು, ನಮ್ಮ ದೇಶದ ಕಂಪನಿಯ ವಿಷಯ ಬೇರೆ. 2007ರಲ್ಲಿ ಕೋರಸ್ ಕಂಪನಿಯನ್ನು ಕೊಂಡಾಗ ಅಲ್ಲಿನ ಉಕ್ಕಿನ ಕಾರ್ಖಾನೆ ಟಾಟಾ ಸ್ಟೀಲ್ ಕೈಗೆ ಬಂತು. 2024ರ ಸೆಪ್ಟೆಂಬರ್ 30ಕ್ಕೆ ಅಲ್ಲಿನ ಕೊನೆಯ ಊದುಕುಲುಮೆ (ಬ್ಲಾಸ್ಟ್ ಫರ್ನೇಸ್) ಆರಿತು. ಅದರ ಬದಲು 125 ಕೋಟಿ ಪೌಂಡ್ ವೆಚ್ಚದಲ್ಲಿ ವಿದ್ಯುತ್ ಕುಲುಮೆ ಬರುತ್ತಿದೆ, ಅದರಲ್ಲಿ 50 ಕೋಟಿ ಬ್ರಿಟಿಷ್ ಸರ್ಕಾರದ್ದು. ಹೊಸ ಕುಲುಮೆಗೆ ಕೆಲಸಗಾರರು ಕಡಿಮೆ ಸಾಕು. ಹೀಗಾಗಿ ಎರಡು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಇದರ ಮೇಲೆ ಉಪ್ಪು ಸುರಿದಿದ್ದು 2025ರ ಏಪ್ರಿಲ್. ಇಂಗ್ಲೆಂಡಿನ ಸ್ಕನ್‌ಥಾರ್ಪ್ ಊರಿನ ಊದುಕುಲುಮೆಗಳನ್ನು ಉಳಿಸಲು ಲೇಬರ್ ಸರ್ಕಾರ ಶನಿವಾರ ಸಂಸತ್ತು ಸೇರಿಸಿ ಕಾನೂನು ಮಾಡಿತು. "ನಮಗೆ ಯಾಕೆ ಶನಿವಾರ ಇರಲಿಲ್ಲ?" ಅಂತ ವೇಲ್ಸ್ ಕೇಳಿತು. ಆ ಜೂನ್‌ನಲ್ಲಿ ಫರಾಜ್ ಪೋರ್ಟ್ ಟಾಲ್ಬಟ್‌ಗೇ ಬಂದು ಕುಲುಮೆ ಮತ್ತೆ ಹೊತ್ತಿಸುತ್ತೇನೆ ಅಂದರು. ಉಕ್ಕಿನ ಕೆಲಸ ಬಲ್ಲವರು ತಲೆ ಅಲ್ಲಾಡಿಸಿದರು. ತಣ್ಣಗಾದ ಊದುಕುಲುಮೆಯನ್ನು ಸ್ವಿಚ್ ಒತ್ತಿ ಶುರುಮಾಡಲು ಆಗೋದಿಲ್ಲ. ಆದರೆ ಬಂದು ಆ ಮಾತಾಡಿದ್ದೇ ಅವರಿಗೆ ಸಾಕಾಗಿತ್ತು.

ಎಲ್ಲ ಬಯಲಾಗಿದ್ದು ಸೆನೆದ್‌ನ ಕೇರ್‌ಫಿಲಿ ಉಪಚುನಾವಣೆಯಲ್ಲಿ, 2025ರ ಅಕ್ಟೋಬರ್ 23ಕ್ಕೆ. ಕಾರ್ಡಿಫ್‌ನ ಉತ್ತರಕ್ಕಿರುವ ಊರು ಅದು, ಕೋಟೆಗೆ ಮತ್ತು ಚೀಸ್‌ಗೆ ಹೆಸರಾದದ್ದು. ಲೇಬರ್‌ನ ಸದಸ್ಯರು ತೀರಿಕೊಂಡು ಸ್ಥಾನ ಖಾಲಿಯಾಗಿತ್ತು. 2021ರಲ್ಲಿ ಅಲ್ಲಿ ಲೇಬರ್‌ಗೆ 46% ಮತ ಬಂದಿತ್ತು. ಈ ಸಲ ಬಂದಿದ್ದು 11%. ಪ್ಲೈಡ್‌ನ ಲಿಂಡ್ಸೆ ವಿಟ್ಲ್ 47% ಮತ ಪಡೆದು ಗೆದ್ದರು, ರಿಫಾರ್ಮ್ 36% ಪಡೆದು ಎರಡನೇ ಸ್ಥಾನ. ವಿಟ್ಲ್ ಎಪ್ಪತ್ತು ದಾಟಿದ ಸ್ಥಳೀಯ ಕೌನ್ಸಿಲರ್. 1983ರಿಂದ ಇದೇ ಕ್ಷೇತ್ರದಲ್ಲಿ ಮತ್ತೆ ಮತ್ತೆ ನಿಂತು ಸೋತವರು. ಮತದಾನಕ್ಕೆ ಮುಂಚಿನ ಸಮೀಕ್ಷೆಯಲ್ಲಿ ರಿಫಾರ್ಮ್ ಮುಂದಿತ್ತು. ಅದನ್ನು ನೋಡಿಯೇ ಲೇಬರ್ ಬೆಂಬಲಿಗರು ಗುಂಪುಗುಂಪಾಗಿ ಪ್ಲೈಡ್ ಕಡೆ ವಾಲಿದರು. ಉಪಚುನಾವಣೆಗೆ ಸಾಮಾನ್ಯವಾಗಿ ಜನ ಬರೋದಿಲ್ಲ. ಇಲ್ಲಿ 50% ದಾಟಿ ಬಂದರು, 2021ರ ಚುನಾವಣೆಗಿಂತ ಜಾಸ್ತಿ.

ಇದನ್ನು "ಎಡದಿಂದ ಬಲಕ್ಕೆ ಅಲೆ" ಅಂತ ಬರೆದವರು ಬಹಳ. ನನಗೆ ಹಾಗೆ ಕಾಣೋದಿಲ್ಲ. ಅಲ್ಲಿ ಎರಡು ಬಣಗಳಿವೆ, ಒಂದು ಕಡೆ ಲೇಬರ್ ಮತ್ತು ಪ್ಲೈಡ್, ಇನ್ನೊಂದು ಕಡೆ ಕನ್ಸರ್ವೇಟಿವ್ ಮತ್ತು ರಿಫಾರ್ಮ್. ಜನ ಹೆಚ್ಚಾಗಿ ತಮ್ಮ ಬಣದೊಳಗೇ ಮನೆ ಬದಲಾಯಿಸುತ್ತಿದ್ದಾರೆ. ರಿಫಾರ್ಮ್‌ಗೆ ಹೋಗುತ್ತಿರುವ ಮತದಲ್ಲಿ ದೊಡ್ಡ ಪಾಲು ಹಳೆಯ ಕನ್ಸರ್ವೇಟಿವ್‌ಗಳದ್ದು. ಕೇರ್‌ಫಿಲಿಯಲ್ಲಿ ಆ ಪಕ್ಷಕ್ಕೆ ಉಳಿದಿದ್ದು 2%. ವೇಲ್ಸ್ 2016ರಲ್ಲಿ ಬ್ರೆಕ್ಸಿಟ್‌ಗೆ 52.5% ಮತ ಕೊಟ್ಟಿತ್ತು, ಅದೇ ವರ್ಷ ಬ್ರೆಕ್ಸಿಟ್‌ಗಾಗಿ ಹೋರಾಡಿದ ಯುಕಿಪ್ ಪಕ್ಷಕ್ಕೆ ಕಾರ್ಡಿಫ್ ಸಭೆಯಲ್ಲಿ 7 ಸ್ಥಾನ ಕೊಟ್ಟಿತ್ತು. ರಿಫಾರ್ಮ್‌ಗೆ ನೆಲ ಹದವಾಗಿದ್ದು ಇವತ್ತಲ್ಲ. ಇತ್ತ ಲೇಬರ್ ಮತ ಪ್ಲೈಡ್ ಕಡೆ ಹೋಗುತ್ತಿದೆ. ಲೇಬರ್‌ನಿಂದ ನೇರ ರಿಫಾರ್ಮ್‌ಗೆ ಹೋದವರೂ ಇದ್ದಾರೆ, ಆದರೆ ಸುದ್ದಿಯಲ್ಲಿ ಕಾಣುವಷ್ಟಲ್ಲ.

ಪ್ಲೈಡ್ ಗೆಲ್ಲೋದೆಲ್ಲ ಸ್ವಾತಂತ್ರ್ಯದ ಪರವಾದ ಮತ ಅಂತಲೂ ಓದಬೇಡಿ. ಅದರ ನಾಯಕ ರೀನ್ ಆಪ್ ಯೋರ್ವೆರ್ತ್ ಮೊದಲು ಬಿಬಿಸಿ ಪತ್ರಕರ್ತರಾಗಿದ್ದವರು. ಮೊದಲ ಅವಧಿಯಲ್ಲಿ ಸ್ವಾತಂತ್ರ್ಯದ ಜನಮತಗಣನೆ ನಡೆಸೋದಿಲ್ಲ ಅಂತ ಅವರೇ ಹೇಳಿದ್ದಾರೆ. 2021ರ ಜನಗಣತಿ ಪ್ರಕಾರ ವೆಲ್ಷ್ ಮಾತಾಡುವವರು 17.8%. ಬರೀ ಭಾಷೆಯ ಪಕ್ಷವಾಗಿದ್ದರೆ ಇಂಗ್ಲಿಷ್ ಮಾತಾಡುವ ಕೇರ್‌ಫಿಲಿಯಲ್ಲಿ ಗೆಲ್ಲಲು ಸಾಧ್ಯವೇ ಇರಲಿಲ್ಲ. ಆದರೆ ಪ್ಲೈಡ್ ಬೆಂಬಲಿಗರು ಜಾಸ್ತಿ ಹಿಗ್ಗದಿರಲು ಒಂದು ಕಾರಣ ಇದೆ. 1999ರ ಮೊದಲ ಚುನಾವಣೆಯಲ್ಲೂ ರೊಂಡಾ, ಇಸ್ಲುಯಿನ್‌ನಂಥ ಲೇಬರ್ ಗಣಿ ಊರುಗಳನ್ನು ಅದು ಗೆದ್ದಿತ್ತು. 2003ರಲ್ಲಿ ಎರಡೂ ಲೇಬರ್‌ಗೆ ವಾಪಸ್ ಹೋದವು.

ಈ ಮೇ ಚುನಾವಣೆಗೆ ನಿಯಮವೇ ಬೇರೆ. ಸದಸ್ಯರ ಸಂಖ್ಯೆ 60ರಿಂದ 96ಕ್ಕೆ ಏರಿದೆ. 16 ದೊಡ್ಡ ಕ್ಷೇತ್ರ, ಪ್ರತಿಯೊಂದರಿಂದ 6 ಜನ. ಮತ ವ್ಯಕ್ತಿಗೆ ಅಲ್ಲ, ಪಕ್ಷದ ಪಟ್ಟಿಗೆ. ಪಟ್ಟಿಯಲ್ಲಿ ಯಾರು ಮೊದಲು ಅಂತ ಪಕ್ಷವೇ ತೀರ್ಮಾನಿಸುತ್ತದೆ. ನನಗೆ ಇದು ಹಿಡಿಸಿಲ್ಲ. ಚೆನ್ನಾಗಿ ಕೆಲಸ ಮಾಡಿದ ಶಾಸಕನನ್ನು ಉಳಿಸುವ, ಮಾಡದವನನ್ನು ಮನೆಗೆ ಕಳಿಸುವ ಅವಕಾಶ ಮತದಾರನ ಕೈತಪ್ಪುತ್ತದೆ. ಯಾರಾದರೂ ತೀರಿಕೊಂಡರೆ ಪಟ್ಟಿಯ ಮುಂದಿನವರು ಬರುತ್ತಾರೆ. ಉಪಚುನಾವಣೆ ಇನ್ನಿಲ್ಲ.

ಸ್ಥಾನ ಹಂಚುವ ಲೆಕ್ಕ ಒಂದು ಕಾಲ್ಪನಿಕ ಉದಾಹರಣೆಯಲ್ಲಿ ನೋಡಿ. ಒಂದು ಕ್ಷೇತ್ರದಲ್ಲಿ ಎ ಪಕ್ಷಕ್ಕೆ 36%, ಬಿ ಪಕ್ಷಕ್ಕೆ 30%, ಸಿ ಪಕ್ಷಕ್ಕೆ 14%, ಡಿ ಪಕ್ಷಕ್ಕೆ 10%, ಉಳಿದದ್ದು ಚಿಲ್ಲರೆ. ಪಕ್ಷ ಒಂದು ಸ್ಥಾನ ಗೆದ್ದರೆ ಅದರ ಮತವನ್ನು 2ರಿಂದ, ಎರಡು ಗೆದ್ದರೆ 3ರಿಂದ ಭಾಗಿಸಬೇಕು. ಪ್ರತಿ ಸುತ್ತಿನಲ್ಲೂ ಆಗ ಯಾರ ಅಂಕಿ ದೊಡ್ಡದೋ ಅವರಿಗೆ ಸ್ಥಾನ. ಮೊದಲು ಎ (36), ಆಮೇಲೆ ಬಿ (30), ಮತ್ತೆ ಎ (18), ಮತ್ತೆ ಬಿ (15), ನಂತರ ಸಿ (14), ಆರನೆಯದು ಮತ್ತೆ ಎ (12). ಡಿ ಪಕ್ಷ 10% ಪಡೆದೂ ಬರಿಗೈ. ಅಂದರೆ ಒಂದು ಕ್ಷೇತ್ರದಲ್ಲಿ 12% ಆಸುಪಾಸು ಬರದಿದ್ದರೆ ಸ್ಥಾನ ಸಿಗೋದು ಕಷ್ಟ. ಕೇರ್‌ಫಿಲಿಯಲ್ಲಿ ಲೇಬರ್‌ಗೆ ಬಂದಿದ್ದು 11% ಅಂತ ನೆನಪಿಸಿಕೊಂಡರೆ ಆ ಪಕ್ಷದವರಿಗೆ ಯಾಕೆ ನಿದ್ದೆ ಬರುತ್ತಿಲ್ಲ ಅಂತ ಗೊತ್ತಾಗುತ್ತದೆ. ಈ 96ರ ಯೋಜನೆಗೆ ಮತ ಹಾಕಿ ಪಾಸು ಮಾಡಿದ್ದು ಲೇಬರ್ ಮತ್ತು ಪ್ಲೈಡ್ ಸೇರಿ!

ಬಹುಮತಕ್ಕೆ 49 ಬೇಕು. ಸಮೀಕ್ಷೆಗಳಲ್ಲಿ ಪ್ಲೈಡ್ ಮತ್ತು ರಿಫಾರ್ಮ್ ಮೊದಲ ಸ್ಥಾನಕ್ಕೆ ಪೈಪೋಟಿ ನಡೆಸುತ್ತಿವೆ, ಲೇಬರ್ ಅವುಗಳ ಹಿಂದೆ. ಒಂದೇ ಪಕ್ಷಕ್ಕೆ 49 ಸಿಗುವ ಸಾಧ್ಯತೆ ಈ ಪದ್ಧತಿಯಲ್ಲಿ ತೀರಾ ಕಡಿಮೆ. ರಿಫಾರ್ಮ್ ಮೊದಲು ಬಂದರೂ ಅದರ ಜೊತೆ ಸೇರುವವರು ಬಹುಶಃ ಕನ್ಸರ್ವೇಟಿವ್ ಮಾತ್ರ. ಹಾಗಾಗಿ ಸೋತ ಲೇಬರ್‌ನ ಉಳಿದ ಸದಸ್ಯರೇ ಮುಂದಿನ ಸರ್ಕಾರ ಯಾರದ್ದು ಅಂತ ತೀರ್ಮಾನಿಸುವ ಪರಿಸ್ಥಿತಿ ಬಂದರೂ ಬರಬಹುದು.

ಕೊನೆಯದಾಗಿ ನಿಮ್ಮ ಮಗಳ ವೋಟು. ಇದೆ. ಭಾರತೀಯರು ಕಾಮನ್‌ವೆಲ್ತ್ ಪ್ರಜೆಗಳು, ಹಾಗಾಗಿ ವೀಸಾ ಮೇಲೆ ಕಾನೂನುಬದ್ಧವಾಗಿ ಅಲ್ಲಿ ವಾಸವಿರುವ ವಿದ್ಯಾರ್ಥಿಗೂ ಸೆನೆದ್ ಚುನಾವಣೆಯಲ್ಲಿ ಮತ ಹಾಕುವ ಹಕ್ಕು ಇದೆ. ಆದರೆ ಮತದಾರರ ಪಟ್ಟಿಗೆ ತಾನೇ ಹೆಸರು ಸೇರಿಸಿಕೊಳ್ಳಬೇಕು. ಆನ್‌ಲೈನ್‌ನಲ್ಲಿ ಐದು ನಿಮಿಷದ ಕೆಲಸ, ಏಪ್ರಿಲ್ 20 ಕೊನೆಯ ದಿನ. ಲಂಡನ್ ಸಂಸತ್ತಿನ ಚುನಾವಣೆಗೆ ಫೋಟೊ ಗುರುತಿನ ಚೀಟಿ ಬೇಕು, ಸೆನೆದ್ ಚುನಾವಣೆಗೆ ಬೇಡ. ಕಾರ್ಡಿಫ್ ನಗರ ಈಗ ಎರಡು ಕ್ಷೇತ್ರಗಳಲ್ಲಿ ಹಂಚಿಹೋಗಿದೆ, ಎರಡಕ್ಕೂ ಹೆಸರು ವೆಲ್ಷ್‌ನಲ್ಲಿ ಮಾತ್ರ: ಕೈರ್‌ಡೀದ್ ಪೆನಾರ್ಥ್, ಕೈರ್‌ಡೀದ್ ಫನೊನ್ ತಾವ್. ಕೈರ್‌ಡೀದ್ ಅಂದರೆ ಕಾರ್ಡಿಫ್‌ನದೇ ವೆಲ್ಷ್ ಹೆಸರು. ಕೊಠಡಿಯ ವಿಳಾಸದ ಪೋಸ್ಟ್‌ಕೋಡ್ ಹಾಕಿ ನೋಡಿದರೆ ಅವಳು ಯಾವುದರಲ್ಲಿ ಬರುತ್ತಾಳೆ ಅಂತ ಗೊತ್ತಾಗುತ್ತದೆ.